ಇಂಗ್ಲೆಂಡಿನಲ್ಲಿ ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದಾರೆ, ಏನು ಮಾತಾಡಲಿ?

ಪ್ರಶ್ನೆ: ಲೆಸ್ಟರ್‌ಗೆ ಹೊಸದಾಗಿ ಬಂದಿದ್ದೇವೆ. ಶನಿವಾರ ಪಕ್ಕದ ಮನೆಯ ಅಜ್ಜಿ ಊಟಕ್ಕೆ ಕರೆದಿದ್ದಾರೆ. ಆಫೀಸಿನ ಇಂಗ್ಲಿಷ್ ಹೇಗೋ ನಡೆಯುತ್ತದೆ, ಊಟದ ಮನೆಯದ್ದೇ ಕಷ್ಟ. ನಾವು ಮೊಟ್ಟೆನೂ ತಿನ್ನಲ್ಲ. ಹೇಗೆ ಹೇಳೋದು?

ಉತ್ತರ: ಈಗಲೇ ಹೇಳಿಬಿಡಿ, ತಟ್ಟೆ ಮುಂದೆ ಕೂತ ಮೇಲಲ್ಲ. ಸುಮ್ನೆ ವೆಜಿಟೇರಿಯನ್ ಅಂದರೆ ಅಲ್ಲಿ ಮೊಟ್ಟೆ ನಡೆಯುತ್ತೆ ಅಂತಲೇ ಲೆಕ್ಕ. ‘ವಿ ಡೋಂಟ್ ಈಟ್ ಮೀಟ್, ಫಿಶ್ ಆರ್ ಎಗ್ಸ್, ಐ ಹೋಪ್ ದಟ್ಸ್ ಓಕೆ’ ಅನ್ನಿ. ‘ಕ್ಯಾನ್ ವಿ ಬ್ರಿಂಗ್ ಎನಿಥಿಂಗ್?’ ಅಂತಲೂ ಕೇಳಿ. ಬೇಡ ಅಂದರೂ ಬರಿಗೈಲಿ ಹೋಗಬೇಡಿ.

ಇನ್ನೊಬ್ಬರು: ಇನ್ನೊಂದು ಸಲ ಬಡಿಸಲಾ ಅಂದಾಗ ನಾಚಿಕೊಂಡು ‘ನೋ’ ಅನ್ನಬೇಡಿ! ನಮ್ಮವರ ಹಾಗೆ ಜಾಸ್ತಿ ಬಲವಂತ ಮಾಡಲ್ಲ. ಹಸಿವಿದ್ದರೆ ‘ಯೆಸ್ ಪ್ಲೀಸ್, ಜಸ್ಟ್ ಎ ಲಿಟಲ್.’

ಪ್ರಶ್ನೆ ಕೇಳಿದವರು: ಹೊರಡುವಾಗ?

ಉತ್ತರ: ‘ರೈಟ್, ವಿ ಶುಡ್ ಗೆಟ್ ಗೋಯಿಂಗ್’ ಅಂತ ಎದ್ದುಬಿಡಿ. ಮಾರನೇ ದಿನ ಒಂದು ಥ್ಯಾಂಕ್ಸ್ ಮೆಸೇಜ್ ಹಾಕಿ.