ರೇಡಿಯೊ ಸೆಲ್ಲಿನ ಪಟ್ಟಿಗೆ ಯಾವ ತಗಡು, ಯಾವ ಬೆಸುಗೆ?

ಪ್ರಶ್ನೆ (ಸಿಂಧನೂರು):
ಮೂರು ದೊಡ್ಡ ಸೆಲ್ಲು ಹಾಕುವ ನಮ್ಮ ಮನೆಯ ಹಳೆಯ ರೇಡಿಯೊದಲ್ಲಿ ಸೆಲ್ಲು ಸೋರಿ, ಸ್ಪ್ರಿಂಗು ಮತ್ತು ಸೆಲ್ಲಿಗೆ ತಾಗುವ ಲೋಹದ ಪಟ್ಟಿಗಳು ತುಕ್ಕು ತಿಂದು ಉದುರಿವೆ. ಆ ಮಾದರಿಯ ಬಿಡಿಭಾಗ ಅಂಗಡಿಗಳಲ್ಲಿ ಸಿಗದ ಕಾರಣ ಪಟ್ಟಿಗಳನ್ನು ಮನೆಯಲ್ಲೇ ಕತ್ತರಿಸಿ ಕೂರಿಸಬೇಕೆಂದಿದ್ದೇನೆ. ಕೂಲ್‌ಡ್ರಿಂಕ್ಸ್ ಡಬ್ಬಿಯ ತಗಡು, ಹೋಟೆಲಿನಿಂದ ತಂದ ಎಣ್ಣೆ ಡಬ್ಬದ ತಗಡು, ಒಂದು ಸ್ಟೀಲ್ ತಟ್ಟೆ ಇಷ್ಟು ನನ್ನ ಬಳಿ ಇವೆ. ಇವುಗಳಲ್ಲಿ ಯಾವುದಕ್ಕೆ ಬೆಸುಗೆ ಹಿಡಿಯುತ್ತದೆ, ಪ್ಲಾಸ್ಟಿಕ್ ಕರಗದಂತೆ ಬೆಸೆಯುವುದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ರಾಯಚೂರು):
ಎಣ್ಣೆ ಡಬ್ಬದ ತಗಡೇ ಸರಿ, ಸರ್. ಅದು ತವರ ಲೇಪಿಸಿದ ಉಕ್ಕು. ಬೆಸುಗೆ ತಂತಿಯಲ್ಲೂ ತವರವೇ ಹೆಚ್ಚಿರುವುದರಿಂದ ಎರಡೂ ಸುಲಭವಾಗಿ ಕೂಡಿಕೊಳ್ಳುತ್ತವೆ. ಮೇಲಿನ ಬಣ್ಣವನ್ನು ನುಣುಪು ಎಮರಿ ಪೇಪರಿನಿಂದ ಹಗುರವಾಗಿ ಉಜ್ಜಿ ತೆಗೆಯಿರಿ. ತವರದ ಪದರ ಬಹಳ ತೆಳು, ಒತ್ತಿ ಉಜ್ಜಿದರೆ ಕಬ್ಬಿಣವೇ ಹೊರಬಂದು ಮುಂದೆ ತುಕ್ಕು ಹಿಡಿಯುತ್ತದೆ. ಕೂಲ್‌ಡ್ರಿಂಕ್ಸ್ ಡಬ್ಬಿ ಅಲ್ಯೂಮಿನಿಯಂನದು. ಗಾಳಿ ತಾಗಿದೊಡನೆ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟುವುದರಿಂದ ಬೆಸುಗೆ ಗುಂಡಾಗಿ ಉರುಳಿಹೋಗುತ್ತದೆ. ತಟ್ಟೆಯ ಸ್ಟೀಲಿಗೆ ರೋಸಿನ್ (ಬೆಸುಗೆಗೆ ಹಚ್ಚುವ ಮರದ ರಾಳ) ಸಾಲದು, ಜಿಂಕ್ ಕ್ಲೋರೈಡಿನಂತಹ ಆಮ್ಲೀಯ ಫ್ಲಕ್ಸ್ (ಬೆಸುಗೆ ಹಿಡಿಯುವಂತೆ ಲೋಹವನ್ನು ಶುಚಿಗೊಳಿಸುವ ಪದಾರ್ಥ) ಬೇಕು. ಅದರ ಶೇಷ ಉಳಿದರೆ ತಂತಿಯನ್ನೇ ತಿನ್ನುವುದರಿಂದ ರೇಡಿಯೊ ಒಳಗೆ ಅದು ಬೇಡವೆಂಬುದು ನನ್ನ ಅಭಿಪ್ರಾಯ.

ಬೆಸೆಯುವ ಕೆಲಸವನ್ನೆಲ್ಲ ಪಟ್ಟಿಯನ್ನು ಖಾನೆಗೆ ಕೂರಿಸುವ ಮೊದಲೇ, ಮರದ ಹಲಗೆಯ ಮೇಲೆ ಮುಗಿಸಿಕೊಳ್ಳಿ. 63:37 ತವರ–ಸೀಸದ ತಂತಿ ಕರಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಶಾಖಕ್ಕೆ ರೇಡಿಯೊದ ಪ್ಲಾಸ್ಟಿಕ್ ಮೆತ್ತಗಾಗಿಬಿಡುತ್ತದೆ. ಪಟ್ಟಿಗೂ ತಂತಿಯ ತುದಿಗೂ ಬೇರೆ ಬೇರೆಯಾಗಿ ಮೊದಲೇ ಬೆಸುಗೆ ಹಚ್ಚಿಟ್ಟುಕೊಂಡರೆ, ಆಮೇಲೆ ಎರಡನ್ನೂ ಸೇರಿಸಿ ಬೆಸೆಯುವ ಐರನ್ ಮುಟ್ಟಿಸಿದಾಗ ಕ್ಷಣದಲ್ಲೇ ಕೂಡುತ್ತವೆ.

ಉತ್ತರ (ಗಂಗಾವತಿ):
ತಗಡಿನ ಮಾತು ಒಪ್ಪುತ್ತೇನೆ, ಆದರೆ ಅದು ಪ್ಲಸ್ ಬದಿಗೆ ಮಾತ್ರ. ಎಣ್ಣೆ ಡಬ್ಬದ ತಗಡಿಗೆ ಪುಟಿಯುವ ಗುಣವಿಲ್ಲ. ಬಗ್ಗಿಸಿದರೆ ಬಗ್ಗಿಯೇ ಉಳಿಯುತ್ತದೆ, ಸೆಲ್ಲು ಸಡಿಲವಾಗಿ ರೇಡಿಯೊ ಕರಕರ ಎನ್ನತೊಡಗುತ್ತದೆ. ಮೈನಸ್ ಬದಿಗೆ ಕೆಟ್ಟ ಟಾರ್ಚಿನ ಸ್ಪ್ರಿಂಗನ್ನು ಗುಜರಿ ಅಂಗಡಿಯಿಂದ ತಂದು ಬೆಸೆಯಿರಿ, ಇಲ್ಲವೇ ಹಳೆಯ ರಿಲೇಯ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನ) ಫಾಸ್ಫರ್ ಬ್ರಾಂಜ್ ಎಲೆಯನ್ನು, ಅಂದರೆ ಪುಟಿಯುವ ತಾಮ್ರದ ಮಿಶ್ರಲೋಹದ ತೆಳು ಪಟ್ಟಿಯನ್ನು, ಬಳಸಿರಿ. ಸ್ಪ್ರಿಂಗನ್ನು ಗ್ಯಾಸ್ ಒಲೆಯ ಉರಿಗೆ ಹಿಡಿಯಬೇಡಿ, ಕೆಂಪಗೆ ಕಾದರೆ ಅದರ ಬಿಗಿ ಹೋಗುತ್ತದೆ. ಪ್ಲಸ್ ಪಟ್ಟಿಯ ನಡುವೆ ಮೊಳೆಯ ತಲೆಯಿಂದ ಹಿಂಬದಿಗೆ ಮೆಲ್ಲಗೆ ತಟ್ಟಿ ಒಂದು ಉಬ್ಬು ಮಾಡಿಕೊಂಡರೆ ಸೆಲ್ಲಿನ ತುದಿ ಅಲ್ಲಿಯೇ ಕೂರುತ್ತದೆ.

ಪ್ರಶ್ನೆ ಕೇಳಿದವರು:
ಖಾನೆಯಲ್ಲಿ ಉಳಿದಿರುವ ಕೊಳೆಯನ್ನು ನಿಂಬೆ ರಸದಿಂದ ತೊಳೆಯಬಹುದೇ?

ಉತ್ತರ (ಬಳ್ಳಾರಿ):
ಅದು ಯಾವ ಸೆಲ್ಲು ಎಂಬುದರ ಮೇಲೆ ನಿಂತಿದೆ. ಆಲ್ಕಲೈನ್ ಸೆಲ್ಲು ಸೋರಿದರೆ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದಕ್ಕೆ ನಿಂಬೆ ರಸ ಅಥವಾ ವಿನೆಗರ್ ಸರಿ. ಅಗ್ಗದ ಸತುವಿನ ಸೆಲ್ಲಾದರೆ ಸೋರಿಕೆಯೇ ಆಮ್ಲೀಯವಾಗಿರುವುದರಿಂದ ಅಡುಗೆ ಸೋಡಾ ಕಲಸಿದ ನೀರನ್ನು ಹತ್ತಿಗೆ ಅದ್ದಿ ಒರೆಸಬೇಕು. ಯಾವುದೇ ಆದರೂ ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹೊಸ ಪಟ್ಟಿ ಕೂರಿಸಿರಿ. ಹಸಿ ಇದ್ದರೆ ತಗಡಿನ ಕತ್ತರಿಸಿದ ಅಂಚಿನಿಂದಲೇ ತುಕ್ಕು ಶುರುವಾಗುತ್ತದೆ.