ಮಾವಿನ ಹೂವಿಗೆ ಔಷಧಿ ಹೊಡೆದಿದ್ದಾರೆ, ತುಡುವೆ ಜೇನಿನ ಪೆಟ್ಟಿಗೆ ಉಳಿಸಿಕೊಳ್ಳುವುದು ಹೇಗೆ?

ಕೇಳಿದವರು, ಶ್ರೀನಿವಾಸಪುರ ಕಡೆಯಿಂದ: ಪಕ್ಕದ ತೋಪಿನವರು ಜಿಗಿಹುಳುವಿಗೆ ಥಯಾಮೆಥಾಕ್ಸಮ್, ಬೂದಿರೋಗಕ್ಕೆ ಹೆಕ್ಸಾಕೊನಜೋಲ್ ಬೆರೆಸಿ ಹೊಡೆದರು. ಮಾರನೆಯ ದಿನದಿಂದ ಪೆಟ್ಟಿಗೆ ಬಾಗಿಲಲ್ಲಿ ಜೇನುನೊಣ ಸಾಯುತ್ತಿವೆ. ಔಷಧಿಯೋ, ರೋಗವೋ? ಈಗೇನು ಮಾಡಲಿ?

ಉತ್ತರ 1: ಮೊದಲು ಎರಿ (ಮೇಣದ ಕೋಶಗಳ ಹಾಳೆ) ತೆಗೆದು ನೋಡಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವಾದರೆ ಸಾಯುವುದು ಮರಿ. ಕೋಶದಲ್ಲಿ ತಲೆ ಮೇಲೆತ್ತಿಕೊಂಡು ಸತ್ತಿರುತ್ತೆ, ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತೆ. ವಿಷವಾದರೆ ದೊಡ್ಡ ನೊಣಗಳು ನಡುಗುತ್ತಾ, ಗಿರಗಿರ ತಿರುಗುತ್ತಾ, ನಾಲಿಗೆ ಚಾಚಿಕೊಂಡು ಸಾಯುತ್ತವೆ. ಬಾಗಿಲಲ್ಲಿ ರಾಶಿ ಇಲ್ಲದಿದ್ದರೂ ನಂಬಬೇಡಿ. ದಾರಿ ತಪ್ಪಿ ಹೊಲದಲ್ಲೇ ಬಿದ್ದರೆ ರಾಶಿ ಎಲ್ಲಿಂದ ಬರಬೇಕು? ನೊಣ ಕಡಿಮೆಯಾಗಿ, ಮರಿಯನ್ನು ಮುಚ್ಚಿ ಕೂರುವವರಿಲ್ಲದೆ ಅದು ಬೋಳಾಗಿ, ತಣ್ಣಗೆ ಬಿದ್ದಿರುವುದೇ ಗುರುತು.

ಇವತ್ತೇ ಸಂಜೆ ನೊಣ ಒಳ ಸೇರಿದ ಮೇಲೆ ಪೆಟ್ಟಿಗೆಯನ್ನು 3 ಕಿಮೀಗಿಂತ ದೂರ, ಔಷಧಿ ಬೀಳದ ಕಡೆ ಸಾಗಿಸಿ. ಹತ್ತಿರ ಇಟ್ಟರೆ ಹಳೇ ಜಾಗಕ್ಕೇ ಹಾರಿಹೋಗುತ್ತವೆ. ಪರಾಗ ತುಂಬಿದ ಎರಿ ತೆಗೆದುಬಿಡಿ. ವಿಷ ಪರಾಗದಲ್ಲಿ ಉಳಿದು ಮರಿಗೆ ಉಣಿಸುವ ದಾದಿ ನೊಣ, ಮರಿ ಎರಡಕ್ಕೂ ತಲುಪುತ್ತೆ. ನೊಣ ಮುಚ್ಚುವಷ್ಟು ಎರಿ ಮಾತ್ರ ಬಿಟ್ಟು, ಪಕ್ಕಕ್ಕೆ ಹಲಗೆ ಕೊಟ್ಟು ಜಾಗ ಕಿರಿದು ಮಾಡಿ. ಸಕ್ಕರೆ, ನೀರು ಸಮಪಾಲಿನ ಪಾಕ 200 ಮಿಲೀ ಕತ್ತಲಾದ ಮೇಲೆ ಒಳಗೇ ಇಡಿ. ಹಗಲಲ್ಲಿ, ಹೊರಗೆ ಇಟ್ಟರೆ ಬೇರೆ ಗೂಡಿನವು ಲೂಟಿಗೆ ಬರುತ್ತವೆ.

ಉತ್ತರ 2: ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ ಸಮಾಧಾನ ಪಡಬೇಡಿ. ಅದು ಸಸ್ತನಿಗಳಿಗಿರುವ ವಿಷದ ಅಳತೆ. ಥಯಾಮೆಥಾಕ್ಸಮ್‌ಗೆ ನೀಲಿ ತ್ರಿಕೋನ, ಅಂದರೆ ಕೆಂಪು, ಹಳದಿಗಿಂತ ಕಡಿಮೆ ವಿಷದ ಗುರುತು. ಆದರೆ ಹೊಟ್ಟೆಗೆ ಹೋದರೆ ಜೇನುನೊಣಕ್ಕೆ 5 ನ್ಯಾನೊಗ್ರಾಂ ಆಸುಪಾಸಿನಲ್ಲೇ ಪ್ರಾಣಾಂತಿಕ. ಯುರೋಪಿಯನ್ ಒಕ್ಕೂಟ ಇದನ್ನೂ ಇದೇ ಗುಂಪಿನ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್‌ಗಳನ್ನೂ ಬಯಲು ಬೆಳೆಗೆ ಬಳಸುವುದನ್ನು 2018ರಲ್ಲಿ ನಿಷೇಧಿಸಿತು.

ಬೆರೆಸುವ ವಿಚಾರ: ಹೆಕ್ಸಾಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ನೊಣದ ಮೈಯಲ್ಲಿ ವಿಷ ಮುರಿಯುವ ಕಿಣ್ವವನ್ನೇ ತಡೆಯುತ್ತವೆ. ಥಯಾಮೆಥಾಕ್ಸಮ್ ಜೊತೆ ಇದರ ಏಟು ಅಷ್ಟಾಗಿ ಏರುವುದಿಲ್ಲ. ಅಸಿಟಾಮಿಪ್ರಿಡ್, ಲ್ಯಾಮ್ಡಾ ಸೈಹಲೋಥ್ರಿನ್ ಎಂಬ ಕೀಟನಾಶಕಗಳ ಜೊತೆ ಮಾತ್ರ ಬೆರೆಸಲೇಬಾರದು, ವಿಷ ಹಲವು ಪಟ್ಟಾಗುತ್ತದೆ.

ಉತ್ತರ 3: ಸಂಜೆ ಹೊಡೆದರೆ ತೊಂದರೆಯಿಲ್ಲ ಎನ್ನುವುದು ಅರ್ಧ ಸತ್ಯ. ಬೇಗ ಕರಗುವ ಔಷಧಿಗೆ ಅದು ಸರಿ. ಥಯಾಮೆಥಾಕ್ಸಮ್ ಗಿಡದೊಳಗೆ ಸೇರಿ ಮಕರಂದಕ್ಕೂ ಬರುತ್ತೆ, ಮಾರನೆಯ ಬೆಳಿಗ್ಗೆ ನೊಣ ಅದನ್ನೇ ಹೀರುತ್ತೆ. ಹೊತ್ತಿಗಿಂತ ಹೂವಿನ ಹಂತ ಮುಖ್ಯ: ಹೂತೆನೆ ಹೊರಟಾಗ, ಹೂ ಬಿಚ್ಚುವ ಮುಂಚೆ ಜಿಗಿಹುಳು ನೋಡಿಕೊಳ್ಳಬೇಕು. ಹೂ ಅರಳಿದ ಮೇಲೆ ಕೀಟನಾಶಕ ಬೇಡ.

ಪಕ್ಕದವರ ಹತ್ತಿರ ಜಗಳ ಬೇಡ ಅಣ್ಣ, ಅವರ ಕಾಯಿಯ ಲೆಕ್ಕದಲ್ಲೇ ಮಾತಾಡಿ. ಮಾವಿಗೆ ಪರಾಗ ಮುಟ್ಟಿಸುವುದರಲ್ಲಿ ಜೇನಲ್ಲದ ಸಾಮಾನ್ಯ ನೊಣಗಳ ಪಾಲು ದೊಡ್ಡದು, ಜೇನೂ ಸೇರುತ್ತೆ. ಹೂವಿನ ಮೇಲೆ ಹೊಡೆದರೆ ಎರಡೂ ಸಾಯುತ್ತವೆ. ಮುಂದಿನ ಸಲ ಹೊಡೆಯುವ ಹಿಂದಿನ ದಿನ ಒಂದು ಫೋನ್ ಮಾಡಿ ಅಂತ ಕೇಳಿಕೊಳ್ಳಿ. ಆ ರಾತ್ರಿಯೇ ಪೆಟ್ಟಿಗೆ ಎತ್ತಬಹುದು.

ಉತ್ತರ 1, ಮತ್ತೆ: ಪರೀಕ್ಷೆ ಮಾಡಿಸುವುದಿದ್ದರೆ ಈಗಷ್ಟೇ ಸತ್ತ ನೊಣಗಳನ್ನು ಒಂದು ಲೋಟದಷ್ಟು ಫ್ರೀಜರಿಗೆ ಹಾಕಿ, ತಾರೀಖು ಮತ್ತು ಔಷಧಿ ಹೆಸರು ಬರೆದಿಡಿ. ಬಿಸಿಲಲ್ಲಿ ಒಣಗಿದ ನೊಣದಲ್ಲಿ ವಿಷದ ಅಂಶ ಸಿಗದೇ ಹೋಗಬಹುದು.