ಇಳಕಲ್ಲಿನಲ್ಲಿ ಸೀರೆಯಂಗಡಿಗಳನ್ನು ಬಿಟ್ಟು ನೋಡಬೇಕಾದದ್ದು ಏನು?

ಪ್ರಶ್ನೆ – ಹೊಸಪೇಟೆಯ ಓದುಗ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿಗೆ ಈಚೆಗೆ ಹೋಗಿದ್ದೆ. ಪೇಟೆಯಲ್ಲಿ ಇಳಕಲ್ ಸೀರೆಯೆಂದು ತೋರಿಸಿದವುಗಳಲ್ಲಿ ಕೆಲವಕ್ಕೆ ಕೆಲವೇ ನೂರು ರೂಪಾಯಿಯಿದ್ದರೆ ಕೆಲವಕ್ಕೆ ಸಾವಿರಗಟ್ಟಲೆ ಬೆಲೆಯಿತ್ತು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಬಗೆಯಾಗಿ ಕಂಡವು. ಈ ವ್ಯತ್ಯಾಸಕ್ಕೆ ಕಾರಣವೇನು? ಊರಿನ ನಿಜವಾದ ಗುಣವನ್ನು ತಿಳಿಯಲು ಎಲ್ಲಿಗೆ ಹೋಗಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ನೇಕಾರರ ಮನೆಯವನು

ಮಾನ್ಯರೇ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ಬೆರಳಿನಿಂದ ಸವರಿ ನೋಡಿ. ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಸಾಮಾನ್ಯವಾಗಿ ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತೇವೆ. ಹಾಸೂ, ಅಡ್ಡಲಾಗಿ ನೇಯುವ ಹೊಕ್ಕೂ ಎರಡೂ ಕೆಂಪಾಗಿರುವುದರಿಂದಲೇ ತೋಪ ತೆನಿ ಎಂಬ ಇಳಕಲ್ ಸೆರಗಿನ ಕೆಂಪು ಅಷ್ಟು ಗಾಢವಾಗಿ ಕಾಣುತ್ತದೆ, ಬಿಳಿಯ ಪಟ್ಟೆಗಳು ಅದರ ನಡುವೆ ಎದ್ದು ನಿಲ್ಲುತ್ತವೆ. ಕೊಂಡಿಯಿಲ್ಲದೆ ಹೊಕ್ಕಿನ ಬಣ್ಣವನ್ನಷ್ಟೇ ಬದಲಿಸಿದರೆ ಒಡಲಿನ ಎಳೆಗಳು ಸೆರಗಿನಲ್ಲೂ ಹಾಯ್ದುಹೋಗಿ ಕೆಂಪು ಮಂಕಾಗುತ್ತದೆ.

ಈ ಕ್ರಮದಲ್ಲಿ ಒಂದೊಂದು ಸೀರೆಗೂ ಬೇರೆಯಾಗಿಯೇ ಹಾಸು ಸಿದ್ಧಪಡಿಸಬೇಕು. ಉದ್ದನೆಯ ಹಾಸಿನಿಂದ ಒಂದರ ಹಿಂದೊಂದು ಸೀರೆ ನೇಯುವ ವಿದ್ಯುತ್ ಮಗ್ಗಕ್ಕೆ ಇದು ಒಗ್ಗುವುದಿಲ್ಲ. ತಾವು ಕೇಳಿದ ಬೆಲೆಯ ಅಂತರಕ್ಕೆ ಮುಖ್ಯ ಕಾರಣ ಇದೇ.

ಬಣ್ಣ ಹಾಕುವುದು, ಹಾಸು ಹೂಡುವುದು, ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತುವುದು, ಕೊಂಡಿ ಹಾಕುವುದು ಇವೆಲ್ಲ ಹಲವು ಕೈಗಳ ಕೆಲಸ. ಮಗ್ಗದ ಮುಂದೆ ಕುಳಿತವನ ಹೆಸರಿನಲ್ಲಿ ಹೊರಬರುವ ಸೀರೆಯ ಹಿಂದೆ ಹೆಂಗಸರ, ಮುದುಕರ ದುಡಿಮೆ ಬಹಳವಿರುತ್ತದೆ. ಆದ್ದರಿಂದ ಪೇಟೆಯನ್ನು ಬಿಟ್ಟು ನೇಕಾರರ ಓಣಿಗಳಿಗೆ ಹೋಗಿ, ಕೇಳಿಕೊಂಡು ಒಳಗೆ ಕಾಲಿಡಿ. ಕಮತಗಿ, ಸೂಳೇಭಾವಿ ಮೊದಲಾದ ಸುತ್ತಲಿನ ಊರುಗಳಲ್ಲೂ ಇದೇ ಸೀರೆಯನ್ನು ನೇಯುತ್ತಾರೆ, ಆದರೆ ಹೆಸರು ಮಾತ್ರ ಇಳಕಲ್ಲಿನದು.

ಉತ್ತರ – ಹುನಗುಂದ ಸೀಮೆಯವಳು

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಊರನ್ನು ಮಗ್ಗಕ್ಕಷ್ಟೇ ಕಟ್ಟಿಹಾಕುವುದು ಸರಿಯಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ದೂರದ ದೇಶಗಳವರೆಗೂ ಹೋಗುತ್ತದೆ. ಇಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳು ಕಾಸನ್ನು ಕೇಳದೆ, ಜನರ ಕುಡಿತ ತಂಬಾಕಿನ ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಊರಿನ ಗುಣವನ್ನು ಕೇಳುವವರು ಮಠಕ್ಕೂ ಒಮ್ಮೆ ಹೋಗಿ ಬರಬೇಕು.

ಇನ್ನು ವಿದ್ಯುತ್ ಮಗ್ಗದ ಸೀರೆಯನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ನಮ್ಮ ಕಡೆ ಹೊಲಕ್ಕೆ ಹೋಗುವ ಎಷ್ಟೋ ಹೆಣ್ಣುಮಕ್ಕಳ ಕೈಗೆಟಕುವುದು ಅದೇ. ಅದನ್ನು ಕೈಮಗ್ಗದ್ದೆಂದು ಹೇಳಿ ಕೈಮಗ್ಗದ ಬೆಲೆಗೆ ಮಾರುವುದಷ್ಟೇ ಮೋಸ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಕೊಂಡಿ ಹಾಕುವುದನ್ನು ಕಣ್ಣಾರೆ ನೋಡಬೇಕೆಂದಿದ್ದೇನೆ. ಓಣಿಗಳಲ್ಲಿ ಆ ಕೆಲಸ ಬೆಳಗಿನ ಹೊತ್ತು ನಡೆಯುತ್ತದೆಯೋ, ಮಧ್ಯಾಹ್ನವೋ, ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ನೇಕಾರರ ಮನೆಯವನು

ಅದಕ್ಕೆ ಹೊತ್ತು ಗೊತ್ತಿಲ್ಲ. ಒಂದು ಸೀರೆ ಮುಗಿದು ಮತ್ತೊಂದನ್ನು ಹೂಡುವಾಗ ಮಾತ್ರ ಕೊಂಡಿಯ ಕೆಲಸವಿರುತ್ತದೆ. ನಾಲ್ಕಾರು ಮನೆ ವಿಚಾರಿಸಿದರೆ ಎಲ್ಲಾದರೊಂದು ಕಡೆ ಸಿಕ್ಕೀತು.